ಫೇ ಜೋನ್ಸ್ ಮಾಡಿದ ಮನೆಯನ್ನು ಕೆಡವಬೇಡಿ: ವಾಯವ್ಯ ಅರ್ಕಾನ್ಸಾದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಬೆಂಟನ್‌ವಿಲ್, ರೋಜರ್ಸ್, ಸ್ಪ್ರಿಂಗ್‌ಡೇಲ್, ಫಯೆಟ್‌ವಿಲ್ ಸುತ್ತಮುತ್ತ ನೆಲೆಸಿರುವ ಅಣ್ಣ, ಅಕ್ಕ, ತಮ್ಮ, ತಂಗಿಯರಿಗೆ,

ನಮಸ್ಕಾರ.

ನಮ್ಮಲ್ಲಿ ಬಹಳ ಜನ ವಾಲ್‌ಮಾರ್ಟ್ ಕೆಲಸಕ್ಕೋ, ಅದಕ್ಕೆ ಸರಕು ಒದಗಿಸುವ ಕಂಪನಿಗಳ ಕೆಲಸಕ್ಕೋ ಬಂದವರು. ಒಂದೆರಡು ವರ್ಷ ಇದ್ದು ಹೋಗೋಣ ಅಂತ ಬಂದವರು ಮಕ್ಕಳನ್ನು ಶಾಲೆಗೆ ಸೇರಿಸಿ ಇಲ್ಲೇ ಉಳಿದಿದ್ದೇವೆ. ಈಗ ಯಾವ ಹಬ್ಬದ ಊಟಕ್ಕೆ ಹೋದರೂ ಮನೆಯದೇ ಮಾತು. ಎಲ್ಲಿ ಲಿಸ್ಟಿಂಗ್ ಬಂತು, ಬಡ್ಡಿ ಎಷ್ಟಾಯ್ತು, ಹಳೇ ಮನೆ ಕೊಂಡು ಕೆಡವಿ ಹೊಸದು ಕಟ್ಟಿಸಿದರೆ ಎಷ್ಟಾಗುತ್ತೆ. ಆ ಮಾತಿನ ನಡುವೆ ಇಲ್ಲೇ ಬಾಳಿದ ಒಬ್ಬ ಆರ್ಕಿಟೆಕ್ಟ್ ಹೆಸರು ಬರಬೇಕು ಅಂತ ನನ್ನ ಆಸೆ. ಫೇ ಜೋನ್ಸ್.

ನಾನು ಕೇಳುವುದು ಇಷ್ಟು. ಅವರು ಮಾಡಿದ ಮನೆ ಮಾರಾಟಕ್ಕೆ ಬಂದರೆ ಅದನ್ನು ಬರೀ ಜಾಗದ ಲೆಕ್ಕದಲ್ಲಿ ನೋಡಬೇಡಿ. ಕೊಳ್ಳುವುದಾದರೆ ವಾಸಕ್ಕೆ ಕೊಳ್ಳಿ. ವಾಸಕ್ಕೆ ಆಗಲ್ಲ ಅನ್ನಿಸಿದರೆ ಇನ್ನೊಬ್ಬರಿಗೆ ಬಿಡಿ. ಬುಲ್‌ಡೋಜರ್ ಮಾತ್ರ ಕರೆಸಬೇಡಿ.

ಯಾಕೆ ಅಂತ ಕೇಳುವವರು ಮೊದಲು ಅವರೇ ಮಾಡಿದ ಥಾರ್ನ್‌ಕ್ರೌನ್ ನೋಡಿ ಬನ್ನಿ. ಬೆಂಟನ್‌ವಿಲ್ ಕಡೆಯಿಂದ 62ನೇ ಹೆದ್ದಾರಿ ಹಿಡಿದರೆ ಯುರೇಕಾ ಸ್ಪ್ರಿಂಗ್ಸ್ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಊರು ಮುಟ್ಟುವ ಮುಂಚೆಯೇ ಬೋರ್ಡ್ ಕಾಣುತ್ತದೆ. ಕಾರು ನಿಲ್ಲಿಸಿ ಕಾಡಿನೊಳಗೆ ಸ್ವಲ್ಪ ನಡೆಯಬೇಕು. ಅದೊಂದು ಚಾಪೆಲ್, ಕ್ರೈಸ್ತರ ಪ್ರಾರ್ಥನೆಯ ಜಾಗ. ನಮಗೇನು ಕೆಲಸ ಅಂದುಕೊಳ್ಳಬೇಡಿ, ಯಾರು ಬಂದರೂ ಒಳಗೆ ಕೂರಬಹುದು. ಚಳಿಗಾಲದಲ್ಲಿ ಕೆಲವು ವಾರ ಮುಚ್ಚಿರುತ್ತದೆ, ವಿಚಾರಿಸಿಕೊಂಡು ಹೊರಡಿ.

24 ಅಡಿ ಅಗಲ, 60 ಅಡಿ ಉದ್ದ, 48 ಅಡಿ ಎತ್ತರ. ಅಗಲದ ಎರಡರಷ್ಟು ಎತ್ತರ! 425 ಕಿಟಕಿಗಳು, ಸುಮಾರು 6,000 ಚದರ ಅಡಿ ಗಾಜು. ನೆಲಕ್ಕೆ ಚಪ್ಪಡಿ ಕಲ್ಲು, ಬುಡದಲ್ಲಿ ತಗ್ಗಾದ ಕಲ್ಲಿನ ಗೋಡೆ, ಅದರ ಮೇಲೆ ಬರೀ ಮರ ಮತ್ತು ಗಾಜು. ಒಳಗೆ ಕೂತವರಿಗೆ ಸುತ್ತಲಿನ ಓಕ್ ಮರಗಳು ಕೈಗೆಟುಕುವಷ್ಟು ಹತ್ತಿರ ಕಾಣುತ್ತವೆ. ಮಧ್ಯಾಹ್ನ ಬಿಸಿಲು ಸರಿದ ಹಾಗೆ ಪಟ್ಟಿಗಳ ನೆರಳು ಬೆಂಚುಗಳ ಮೇಲೆ ಸರಿಯುತ್ತಾ ಹೋಗುತ್ತದೆ.

ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ಜಿಮ್ ರೀಡ್ ಅಂತ ಒಬ್ಬ ನಿವೃತ್ತ ಮೇಷ್ಟ್ರು. ಕಡೆಗಾಲಕ್ಕೊಂದು ಮನೆ ಮಾಡಿಕೊಳ್ಳೋಣ ಅಂತ 1971ರಲ್ಲಿ ಇಲ್ಲಿ ಜಮೀನು ಕೊಂಡರು. ಅಲ್ಲಿಂದ ಗುಡ್ಡಗಳ ನೋಟ ಎಷ್ಟು ಚೆನ್ನಾಗಿತ್ತೆಂದರೆ, ದಾರಿಹೋಕರು ಗಾಡಿ ನಿಲ್ಲಿಸಿ ಅವರ ಜಮೀನಿನೊಳಗೆ ಬಂದು ನೋಡುತ್ತಾ ನಿಲ್ಲುತ್ತಿದ್ದರು. ಬೇರೆಯವರಾಗಿದ್ದರೆ ಬೇಲಿ ಹಾಕುತ್ತಿದ್ದರು. ರೀಡ್, ಬರುವವರು ಕೂತು ಹೋಗಲಿ ಅಂತ ಗಾಜಿನ ಚಾಪೆಲ್ ಕಟ್ಟಿಸುವ ಮನಸ್ಸು ಮಾಡಿದರು. ಅರ್ಧದಲ್ಲಿ ದುಡ್ಡು ಮುಗಿಯಿತು. ಇಲಿನಾಯ್ ರಾಜ್ಯದ ಒಬ್ಬ ಮಹಿಳೆ ಸಾಲ ಕೊಟ್ಟ ಮೇಲೆ ಕೆಲಸ ಮುಂದುವರಿಯಿತು. 1980ರ ಜುಲೈ 10ರಂದು ಬಾಗಿಲು ತೆರೆಯಿತು. ಆಗಿನಿಂದ ಈವರೆಗೆ ಲಕ್ಷಾಂತರ ಜನ ಬಂದು ಹೋಗಿದ್ದಾರೆ.

ರೀಡ್ ಹುಡುಕಿಕೊಂಡು ಹೋದದ್ದು ಫಯೆಟ್‌ವಿಲ್‌ನಲ್ಲಿ ಪಾಠ ಮಾಡುತ್ತಿದ್ದ ಜೋನ್ಸ್ ಅವರನ್ನು. ದೊಡ್ಡ ಯಂತ್ರ ತರಬೇಕೆಂದರೆ ಮರ ಕಡಿದು ದಾರಿ ಮಾಡಬೇಕು. ಅದು ಜೋನ್ಸ್‌ಗೆ ಬೇಡವಾಗಿತ್ತು. ಹಾಗಾಗಿ ಒಂದು ಕಟ್ಟುಪಾಡು ಹಾಕಿಕೊಂಡರು: ಕಾಡಿನ ದಾರಿಯಲ್ಲಿ ಇಬ್ಬರು ಹೊತ್ತು ತರಲು ಆಗದಂಥ ಮರದ ತುಂಡು ಬೇಡ. ಇಡೀ ಕಟ್ಟಡ ನಿಂತಿರುವುದು ಇಲ್ಲಿನ ಮರದ ಡಿಪೋಗಳಲ್ಲಿ ಮಾಮೂಲಾಗಿ ಸಿಗುವಂಥ ಪೈನ್ ಪಟ್ಟಿಗಳ ಮೇಲೆ. ಪಟ್ಟಿಗಳನ್ನು ನೆಲದ ಮೇಲೆ ಜೋಡಿಸಿ ಟ್ರಸ್, ಅಂದರೆ ಭಾರ ಹೊರುವ ಚೌಕಟ್ಟು, ಮಾಡಿ, ಆಮೇಲೆ ಎತ್ತಿ ನಿಲ್ಲಿಸಿದರು. ಸುತ್ತಲಿನ ತೊಗಟೆಯ ಬಣ್ಣಕ್ಕೆ ಹೊಂದಲಿ ಅಂತ ಮರಕ್ಕೆ ಬೂದು ಬಣ್ಣವನ್ನು ಕೈಯಿಂದ ಉಜ್ಜಿ ಹಿಡಿಸಿದರು.

ಒಳಗೆ ಹೋದಾಗ ತಲೆ ಎತ್ತಿ ಒಂದು ಜಾಗ ನೋಡಿ. ಎರಡೂ ಬದಿಯಿಂದ ಬಂದ ಪಟ್ಟಿಗಳು ನೆತ್ತಿಯ ಮೇಲೆ ಒಂದನ್ನೊಂದು ಅಡ್ಡ ಹಾಯುತ್ತವೆ. ಅವು ಸೇರುವ ಕಡೆ ಸಾಮಾನ್ಯವಾಗಿ ದಪ್ಪ ಕಬ್ಬಿಣದ ತಗಡು ಇಟ್ಟು ಬೋಲ್ಟ್ ಜಡಿಯುತ್ತಾರೆ. ಜೋನ್ಸ್ ಅಲ್ಲಿ ಉಕ್ಕಿನ ಒಂದು ಪುಟ್ಟ ವಜ್ರಾಕೃತಿಯ ಚೌಕಟ್ಟು ಇಟ್ಟಿದ್ದಾರೆ. ಅದರ ನಡುವೆ ಏನೂ ಇಲ್ಲ, ಖಾಲಿ. ಗಟ್ಟಿಯಾಗಿ ಮುಚ್ಚಿರಬೇಕಿದ್ದ ಜಾಗದಲ್ಲೇ ಆಕಾಶ ಕಾಣುತ್ತದೆ. ಪ್ಯಾರಿಸ್‌ನ ಸೇಂಟ್ ಶಪೆಲ್ ಅನ್ನುವ ಹಳೇ ಚಾಪೆಲ್ ನೋಡಿ ಬಂದಿದ್ದ ಅವರ ಮನಸ್ಸಿನಲ್ಲಿ ಆ ಗಾಜಿನ ಬೆಳಕಿತ್ತು. ಅಲ್ಲಿನ ಕಲ್ಲಿನ ಕಮಾನುಗಳು ಹೊರಕ್ಕೆ ಒತ್ತುತ್ತವೆ, ಅದಕ್ಕೆ ಹೊರಗಿನಿಂದ ಆನಿಕೆ ಬೇಕು. ಇಲ್ಲಿ ಅವರು ಅದನ್ನು ತಿರುಗಿಸಿ, ಕಟ್ಟಡವನ್ನು ಒಳಗಿನಿಂದಲೇ ಮರದ ಪಟ್ಟಿಗಳಿಂದ ಎಳೆದು ಹಿಡಿದರು. ಆನಿಕೆ ಒಳಗೆ ಬಂದದ್ದರಿಂದ ಹೊರಗೆ ಗಾಜಿಗೆ ಏನೂ ಅಡ್ಡ ಇಲ್ಲ.

ಇಷ್ಟು ಮಾಡಿದವರು ಯಾರು ಅಂತ ಈಗ ಹೇಳುತ್ತೇನೆ.

ಫೇ ಜೋನ್ಸ್ ಹುಟ್ಟಿದ್ದು 1921ರ ಜನವರಿ 31ರಂದು, ಇದೇ ರಾಜ್ಯದ ಪೈನ್ ಬ್ಲಫ್‌ನಲ್ಲಿ. ಬೆಳೆದದ್ದು ಎಲ್ ಡೊರಾಡೊದಲ್ಲಿ. ಅಪ್ಪ ಅಮ್ಮ ಹೋಟೆಲ್ ನಡೆಸುತ್ತಿದ್ದರು. ಮರದ ಮೇಲೆ ಗುಡಿಸಲು ಕಟ್ಟುವ ಹುಚ್ಚಿದ್ದ ಹುಡುಗ. ಹೈಸ್ಕೂಲಿನಲ್ಲಿದ್ದಾಗ ಊರಿನ ಟಾಕೀಸಿನಲ್ಲಿ ಒಂದು ಕಿರುಚಿತ್ರ ನೋಡಿದರು. ಅಮೆರಿಕದ ಹೆಸರಾಂತ ಆರ್ಕಿಟೆಕ್ಟ್ ಫ್ರ್ಯಾಂಕ್ ಲಾಯ್ಡ್ ರೈಟ್ ಕಟ್ಟಿದ ಜಾನ್ಸನ್ ವ್ಯಾಕ್ಸ್ ಕಂಪನಿಯ ಕಟ್ಟಡದ ಬಗ್ಗೆ. ಆರ್ಕಿಟೆಕ್ಟ್ ಆಗಬೇಕು ಅನ್ನುವುದು ಅವತ್ತೇ ತಲೆಗೆ ಹೊಕ್ಕಿತು. ಆದರೆ ಆಗ ಅರ್ಕಾನ್ಸಾದಲ್ಲಿ ಅದನ್ನು ಕಲಿಸುವ ಕಾಲೇಜೇ ಇರಲಿಲ್ಲ. ಎರಡನೇ ಮಹಾಯುದ್ಧ ಬಂತು, ನೌಕಾಪಡೆಯಲ್ಲಿ ಪೈಲಟ್ ಆದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಫಯೆಟ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಆ ಪಾಠ ಶುರುವಾಯಿತು. ಜೋನ್ಸ್ ಮೊದಲ ತಂಡದ ವಿದ್ಯಾರ್ಥಿ, 1950ರಲ್ಲಿ ಪಾಸಾದರು. ಮರುವರ್ಷ ಹ್ಯೂಸ್ಟನ್‌ನ ರೈಸ್‌ನಲ್ಲಿ ಮಾಸ್ಟರ್ಸ್ ಪದವಿ.

ರೈಟ್ ಅವರನ್ನು ಮುಖಾಮುಖಿ ಕಂಡದ್ದು 1949ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಹ್ಯೂಸ್ಟನ್‌ನ ಶ್ಯಾಮ್‌ರಾಕ್ ಹೋಟೆಲಿನಲ್ಲಿ ಆರ್ಕಿಟೆಕ್ಟರ ದೊಡ್ಡ ಸಮ್ಮೇಳನ. ರೈಟ್‌ಗೆ ಅಲ್ಲಿ ಚಿನ್ನದ ಪದಕ. ಒಳಗೆ ಹೋಗಲಾಗದ ಹುಡುಗರು ಹೊರಗೆ ಪಡಸಾಲೆಯಲ್ಲಿ ನಿಂತಿದ್ದರು. ಬಾಗಿಲು ತೆರೆದು ರೈಟ್ ಹೊರಗೆ ಬಂದರು. ಗೋಡೆಗೆ ಒತ್ತಿಕೊಂಡು ನಿಂತಿದ್ದ ಜೋನ್ಸ್‌ಗೆ ಕೈ ಚಾಚಿ, ತಮ್ಮ ಹೆಸರು ಹೇಳಿ, ತಾನೊಬ್ಬ ಆರ್ಕಿಟೆಕ್ಟ್ ಅಂತ ಪರಿಚಯ ಮಾಡಿಕೊಂಡರು. ಆಮೇಲೆ ಆ ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಟೆಲಿನ ತಪ್ಪುಗಳನ್ನು ತೋರಿಸುತ್ತಾ ಓಡಾಡಿದರು. 1953ರ ಬೇಸಿಗೆಯಲ್ಲಿ ಜೋನ್ಸ್, ರೈಟ್ ಅವರ ಮನೆಯೂ ಶಾಲೆಯೂ ಆಗಿದ್ದ ಟಾಲಿಯೆಸಿನ್‌ನಲ್ಲಿದ್ದು ಕಲಿತರು. ಅದಕ್ಕೆ ಮುಂಚೆ ಎರಡು ವರ್ಷ ಓಕ್ಲಹೋಮದಲ್ಲಿ ಆರ್ಕಿಟೆಕ್ಟ್ ಬ್ರೂಸ್ ಗಾಫ್ ಕೈಕೆಳಗೆ ಪಾಠ ಮಾಡಿದ್ದರು.

ಅಲ್ಲಿಂದ ಅವರು ನ್ಯೂಯಾರ್ಕಿಗೋ ಷಿಕಾಗೋಗೋ ಹೋಗಬಹುದಿತ್ತು. ಫಯೆಟ್‌ವಿಲ್‌ನಲ್ಲೇ ಹುಟ್ಟಿದ ಆರ್ಕಿಟೆಕ್ಟ್ ಎಡ್ವರ್ಡ್ ಡ್ಯುರೆಲ್ ಸ್ಟೋನ್ ಹಾಗೆ ಹೋದವರು. ಸ್ಟೋನ್ ಕೆಲಸವನ್ನು ನಮ್ಮಲ್ಲಿ ಹಲವರು ನೋಡಿರುತ್ತೀರಿ. ದೆಹಲಿಯ ಚಾಣಕ್ಯಪುರಿಯಲ್ಲಿ ಜಾಲರಿ ಗೋಡೆಗಳ ಅಮೆರಿಕನ್ ದೂತಾವಾಸ ಇದೆಯಲ್ಲ, 1959ರದ್ದು, ಅದು ಅವರದ್ದೇ. ಸ್ಟೋನ್ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಜೋನ್ಸ್ 1953ರಲ್ಲಿ ಫಯೆಟ್‌ವಿಲ್‌ಗೆ ವಾಪಸ್ ಬಂದರು. 1988ರ ತನಕ, 35 ವರ್ಷ, ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಪಾಠದ ಜೊತೆಗೇ ಸಣ್ಣ ಕಚೇರಿ ಇಟ್ಟುಕೊಂಡು, ಸುಮಾರು 135 ಮನೆ, 15 ಚಾಪೆಲ್ ಮತ್ತು ಚರ್ಚು ಮಾಡಿದರು. ಬಹುಪಾಲು ಕೆಲಸ ಈ ಗುಡ್ಡಗಾಡಿನಲ್ಲಿ ಮತ್ತು ಇದರ ಆಸುಪಾಸಿನಲ್ಲಿ. ಮಾಡಿಸಿಕೊಂಡವರಲ್ಲಿ ಮೇಷ್ಟ್ರುಗಳಿದ್ದರು, ವ್ಯಾಪಾರಸ್ಥರಿದ್ದರು. ನಮಗೆಲ್ಲ ಅನ್ನ ಕೊಟ್ಟ ಕಂಪನಿ ಕಟ್ಟಿದ ಸ್ಯಾಮ್ ವಾಲ್ಟನ್ ಬೆಂಟನ್‌ವಿಲ್‌ನಲ್ಲಿ ವಾಸವಿದ್ದ ಮನೆಯೂ ಜೋನ್ಸ್ ಕೈಯದ್ದೇ. 1970ರ ದಶಕದಲ್ಲಿ ಸಿಡಿಲಿಗೆ ಸುಟ್ಟುಹೋದಾಗ ಮತ್ತೆ ಕಟ್ಟಿಕೊಟ್ಟವರೂ ಅವರೇ.

1990ರಲ್ಲಿ ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ ಅವರಿಗೂ ಚಿನ್ನದ ಪದಕ ಕೊಟ್ಟಿತು, ಹ್ಯೂಸ್ಟನ್‌ನಲ್ಲಿ ರೈಟ್‌ಗೆ ಕೊಟ್ಟಿದ್ದ ಅದೇ ಪದಕ. 2000ದಲ್ಲಿ ಅದೇ ಸಂಸ್ಥೆಯ ಸದಸ್ಯರು 20ನೇ ಶತಮಾನದ ಅತ್ಯುತ್ತಮ ಕಟ್ಟಡಗಳನ್ನು ಆರಿಸಿದಾಗ ಥಾರ್ನ್‌ಕ್ರೌನ್‌ಗೆ ನಾಲ್ಕನೇ ಸ್ಥಾನ. ಕಾಡಿನೊಳಗೆ ಒಬ್ಬ ಮೇಷ್ಟ್ರು ಸಾಲ ಮಾಡಿ ಕಟ್ಟಿಸಿದ ಚಾಪೆಲ್‌ಗೆ! ಜೋನ್ಸ್ 2004ರ ಆಗಸ್ಟ್‌ನಲ್ಲಿ ಫಯೆಟ್‌ವಿಲ್‌ನಲ್ಲೇ ತೀರಿಕೊಂಡರು. 2009ರಲ್ಲಿ ವಿಶ್ವವಿದ್ಯಾಲಯದ ಆರ್ಕಿಟೆಕ್ಚರ್ ಶಾಲೆಗೆ ಅವರ ಹೆಸರಿಟ್ಟರು. ಅದಕ್ಕೆ ದುಡ್ಡು ಕೊಟ್ಟವರು ಹಿಂದೆ ಅವರಿಂದ ಮನೆ ಮಾಡಿಸಿಕೊಂಡಿದ್ದ ದಂಪತಿ.

ಒಂದು ವಿಷಯ ಮುಚ್ಚಿಡಬಾರದು. 1957ರಲ್ಲಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ಮಕ್ಕಳು ಕಾಲಿಡದಂತೆ ನ್ಯಾಷನಲ್ ಗಾರ್ಡ್ ನಿಲ್ಲಿಸಿದ ಗವರ್ನರ್ ಓರ್ವಲ್ ಫಾಬಸ್. ಹತ್ತು ವರ್ಷ ಕಳೆದ ಮೇಲೆ ಹಂಟ್ಸ್‌ವಿಲ್‌ನಲ್ಲಿ ಆತನಿಗೆ ಗುಡ್ಡದ ಮೇಲೆ ಮನೆ ಮಾಡಿಕೊಟ್ಟವರು ಜೋನ್ಸ್. ಇದು ನನಗೆ ನೋವು ಕೊಡುತ್ತದೆ. ಮನೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಆ ನೋವು ಹೋಗುವುದಿಲ್ಲ. ಹಾಗಂತ ಆ ಮನೆ ಬೀಳಲಿ ಅಂತಲೂ ನಾನು ಹೇಳಲಾರೆ. ಅದು ನಿಂತಿರಬೇಕು, ಅಲ್ಲಿಗೆ ಹೋದವರಿಗೆ ಆ ಮಕ್ಕಳ ಕಥೆಯನ್ನೂ ಹೇಳಬೇಕು.

ಈಗ ಮನೆಗಳ ವಿಷಯಕ್ಕೆ ಬರುತ್ತೇನೆ.

ಬೆಂಟನ್‌ವಿಲ್‌ನ ಕ್ರಿಸ್ಟಲ್ ಬ್ರಿಜಸ್ ಮ್ಯೂಸಿಯಂ ಅಂಗಳದಲ್ಲಿರುವ, ರೈಟ್ ಮಾಡಿದ ಮನೆಗೆ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇವೆ ಅಲ್ವಾ? 1950ರ ದಶಕದಲ್ಲಿ ನ್ಯೂಜರ್ಸಿಯಲ್ಲಿ ಕಟ್ಟಿದ ಮನೆ ಅದು. ಅಲ್ಲಿ ಪದೇ ಪದೇ ಹೊಳೆ ಉಕ್ಕಿ ನೀರು ನುಗ್ಗುತ್ತಿತ್ತು ಅಂತ ಬಿಚ್ಚಿ, ಲಾರಿಗಳಲ್ಲಿ ತಂದು, ಇಲ್ಲಿ ಮತ್ತೆ ಜೋಡಿಸಿದರು. 2015ರಲ್ಲಿ ಜನರಿಗೆ ತೆರೆದರು. ಸಾವಿರಕ್ಕೂ ಹೆಚ್ಚು ಮೈಲಿ ಆಚೆಯಿಂದ ಮನೆ ತಂದು ಕಾಪಾಡಿದ ಊರಿನಲ್ಲೇ, ಅದೇ ರೈಟ್‌ನ ಶಿಷ್ಯ ಇದೇ ಮಣ್ಣಿಗೆ ಅಂತ ಮಾಡಿದ ಮನೆಗಳು ಓಕ್ ಮರಗಳ ಹಿಂದೆ ಸುಮ್ನೆ ನಿಂತಿವೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಿದೆ.

ಆ ಮನೆಗಳು ಹೇಗಿರುತ್ತವೆ ಅಂತ ತಿಳಿಯಲು ಅವರ ಸ್ವಂತ ಮನೆಯೇ ಸಾಕು. 1956ರಲ್ಲಿ ಫಯೆಟ್‌ವಿಲ್‌ನ ಇಳಿಜಾರಿನಲ್ಲಿ ತಮಗೂ ಹೆಂಡತಿ ಗಸ್‌ಗೂ ಕಟ್ಟಿಕೊಂಡದ್ದು. ಜಾಗದಲ್ಲಿ ದೊಡ್ಡ ಬಂಡೆ ಇತ್ತು. ಸಿಡಿಮದ್ದು ಇಟ್ಟು ಒಡೆಸಲಿಲ್ಲ. ಬಂಡೆಯನ್ನು ಹಾಗೇ ಒಳಗೆ ಸೇರಿಸಿಕೊಂಡು ಮನೆ ಕಟ್ಟಿದರು. ಕೆಳಗಿನ ಬಾಗಿಲಿನಿಂದ ಒಳಗೆ ಹೋದರೆ ತಂಪು, ತಗ್ಗು, ಕಲ್ಲು. ಮೆಟ್ಟಿಲು ಹತ್ತಿದರೆ ಮರದ ಕೊಂಬೆಗಳ ಮಟ್ಟದಲ್ಲಿ ಬೆಳಕು ತುಂಬಿದ ಕೋಣೆ. ಈಗ ಅದು ವಿಶ್ವವಿದ್ಯಾಲಯದ ವಶದಲ್ಲಿದೆ.

ಅವರ ಬೇರೆ ಮನೆಗಳಲ್ಲೂ ಇದೇ ಜಾಡು. ಈ ನೆಲದ ಕಲ್ಲು, ಬಣ್ಣ ಬಳಿಯದ ಮರ, ನಡುವೆ ದೊಡ್ಡ ಕಲ್ಲಿನ ಅಗ್ಗಿಷ್ಟಿಕೆ. ಗೋಡೆಗೆ ಸೇರಿದ ಆಸನ, ಕಪಾಟು, ದೀಪ ಕೂಡ ಅವರೇ ಬರೆದು ಮಾಡಿಸಿದ್ದು. ಸೂರು ಮುಂದಕ್ಕೆ ಚಾಚಿ ಮಳೆಯನ್ನೂ ಬೇಸಿಗೆಯ ಬಿಸಿಲನ್ನೂ ಗೋಡೆಯಿಂದ ದೂರ ಇಡುತ್ತದೆ. ಮಲೆನಾಡಿನ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಆ ಸೂರಿನ ಕೆಳಗೆ ನಿಂತರೆ ಇದು ನಮ್ಮದೇ ಅನ್ನಿಸುತ್ತದೆ.

ಆದರೆ ಓಪನ್ ಹೌಸ್‌ಗೆ ಹೋಗಿ ಬಂದವರ ಮಾತು ಬೇರೆ. ಕತ್ತಲೆ ಜಾಸ್ತಿ. ಛಾವಣಿ ತಗ್ಗು. ಅಡುಗೆಮನೆ ಇಕ್ಕಟ್ಟು. ಬಟ್ಟೆ ಇಡಲು ಜಾಗ ಇಲ್ಲ. ಈ ದೂರುಗಳು ಸುಳ್ಳಲ್ಲ. 1960ರ ಸುಮಾರಿನ ಅಡುಗೆಮನೆ ನಮ್ಮ ಮಿಕ್ಸಿ, ಗ್ರೈಂಡರ್, ಕುಕ್ಕರ್, ಹತ್ತು ಜನರ ಊಟ ನೋಡಿ ಮಾಡಿದ್ದಲ್ಲ. ಹಾಗಿದ್ದರೆ ಅಡುಗೆಮನೆ ಬದಲಾಯಿಸಿ. ಒಗ್ಗರಣೆ ಹೊಗೆಗೆ ಜೋರಾದ ಎಕ್ಸಾಸ್ಟ್ ಹಾಕಿಸಿ. ವೈರಿಂಗ್ ಹೊಸದು ಮಾಡಿಸಿ, ನೀರಿನ ಪೈಪು, ಎಸಿ, ಸೋರುವ ಛಾವಣಿ ಎಲ್ಲ ಸರಿ ಮಾಡಿಸಿ. ಯಾರೂ ಬೇಡ ಅನ್ನಲ್ಲ. ಬದುಕುವ ಮನೆ ಬದಲಾಗಬೇಕಾದದ್ದೇ. ನಾನು ಬೇಡುವುದು ಕಲ್ಲಿನ ಗೋಡೆಯ ಮೇಲೆ ಡ್ರೈವಾಲ್ ಹೊಡೆಸಬೇಡಿ, ಮರಕ್ಕೆ ಬಿಳಿ ಪೇಂಟ್ ಬಳಿಸಬೇಡಿ, ಹಾಲ್ ದೊಡ್ಡದಾಗಲಿ ಅಂತ ಅಗ್ಗಿಷ್ಟಿಕೆ ಒಡೆಸಬೇಡಿ. ಆ ಮೂರು ಹೋದರೆ ಉಳಿಯುವುದು ಬರೀ ಇಕ್ಕಟ್ಟಿನ ಹಳೇ ಮನೆ. ತಗ್ಗು ಬಾಗಿಲು ದಾಟಿದ ಮೇಲೆ ನಡುಮನೆಯ ಎತ್ತರ ಒಮ್ಮೆಲೇ ತೆರೆದುಕೊಳ್ಳುತ್ತದೆ. ಆ ತಗ್ಗು ಇಲ್ಲದಿದ್ದರೆ ಆ ಎತ್ತರ ಗೊತ್ತೇ ಆಗುವುದಿಲ್ಲ. ಖಾಲಿ ಮನೆಯಲ್ಲಿ ಐದು ನಿಮಿಷ ನಿಂತು ಬಂದವರಿಗೆ ಇದು ಕಾಣದು. ಸಂಜೆ ಹೊತ್ತಿನಲ್ಲಿ ಹೋಗಿ, ಕೂತು ನೋಡಿ.

ಇವೆಲ್ಲ ಸರ್ಕಾರ ಕಾಪಾಡುವ ಮನೆಗಳಲ್ಲವೇ ಅಂತ ಕೆಲವರು ಕೇಳುತ್ತಾರೆ. ಇಲ್ಲ. ಹಲವು ಮನೆಗಳು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿವೆ, ನಿಜ. ಥಾರ್ನ್‌ಕ್ರೌನ್ ಅಂತೂ 50 ವರ್ಷ ತುಂಬಿರಬೇಕು ಅನ್ನುವ ವಾಡಿಕೆ ಮೀರಿ 2000ದಲ್ಲೇ ಸೇರಿತು. ಆದರೆ ಆ ಪಟ್ಟಿ ಗೌರವ ಕೊಡುತ್ತದೆ, ಕಾವಲು ಕಾಯುವುದಿಲ್ಲ. ಮಾಲೀಕ ಸ್ವಂತ ದುಡ್ಡಿನಲ್ಲಿ ಕೆಡವಲು ಹೊರಟರೆ ಪಟ್ಟಿ ಅವನನ್ನು ತಡೆಯಲಾರದು. ತಡೆಯುವ ಕಾನೂನು ಇರುವುದು ಊರಿನ ಮಟ್ಟದಲ್ಲಿ, ನಗರಸಭೆ ಯಾವುದಾದರೂ ಬೀದಿಯನ್ನು ಐತಿಹಾಸಿಕ ಪ್ರದೇಶ ಅಂತ ಗೊತ್ತು ಮಾಡಿದರೆ ಮಾತ್ರ. ಜೋನ್ಸ್ ಮನೆಗಳು ಒಂದೇ ಬೀದಿಯಲ್ಲಿಲ್ಲ. ಚದುರಿ ಹೋಗಿವೆ, ಹೆಚ್ಚಿನವು ದೊಡ್ಡ ದೊಡ್ಡ ಜಾಗದಲ್ಲಿವೆ. ಈ ಭಾಗದಲ್ಲಿ ಜಾಗಕ್ಕೆ ಎಂಥ ಬೆಲೆ ಬಂದಿದೆ ಅಂತ ನಿಮಗೆ ಗೊತ್ತೇ ಇದೆ. ಕೊನೆಗೆ ಎಲ್ಲ ನಿಂತಿರುವುದು ಕೊಳ್ಳುವವರ ಮನಸ್ಸಿನ ಮೇಲೆ. ಈಗ ಕೊಳ್ಳುವವರಲ್ಲಿ ನಾವೂ ಇದ್ದೇವೆ. ಅದಕ್ಕೇ ಈ ಪತ್ರ ನಗರಸಭೆಗೆ ಬರೆಯದೆ ನಿಮಗೆ ಬರೆದೆ.

ಜನ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಈ ಗುಡ್ಡಗಳಲ್ಲೇ ನೋಡಿದ್ದೇವೆ. 2013ರಲ್ಲಿ 345 ಕಿಲೋವೋಲ್ಟ್‌ನ ವಿದ್ಯುತ್ ಮಾರ್ಗವೊಂದನ್ನು ಓಝಾರ್ಕ್ ಕಾಡುಗಳ ಮೂಲಕ ಎಳೆಯಲು ಹೊರಟರು. ಮುಂದಿಟ್ಟ ಹಾದಿಗಳಲ್ಲಿ ಒಂದು ಥಾರ್ನ್‌ಕ್ರೌನ್ ಹತ್ತಿರದಲ್ಲೇ ಹಾದುಹೋಗುತ್ತಿತ್ತು. ಸುತ್ತ ಗಾಜೇ ಇರುವ ಆ ಚಾಪೆಲ್‌ಗೆ ಕಾಡೇ ಗೋಡೆ. ಮರ ಕಡಿದು ಕಬ್ಬಿಣದ ಗೋಪುರ ನಿಲ್ಲಿಸಿದರೆ ಒಳಗೆ ಕೂತವರಿಗೆ ಕಾಣುವುದು ಅದೇ. ಊರಿನವರು, ದೂರದ ಆರ್ಕಿಟೆಕ್ಟರು, ಹಿಂದೊಮ್ಮೆ ಬಂದು ಹೋದ ಸಾಮಾನ್ಯ ಜನ ರಾಶಿ ರಾಶಿ ಆಕ್ಷೇಪ ಬರೆದರು. ಮಾರ್ಗದ ಅಗತ್ಯವನ್ನೇ ಮತ್ತೆ ಪರಿಶೀಲಿಸಬೇಕಾಯಿತು. 2014ರ ಕೊನೆಯಲ್ಲಿ ಯೋಜನೆ ಕೈಬಿಟ್ಟರು.

ಸೈಟ್ ತಗೊಂಡು ಹೊಸದಾಗಿ ಕಟ್ಟಿಸುವವರಿಗೂ ಒಂದು ಮಾತು. ಮೊದಲ ದಿನವೇ ಮರವೆಲ್ಲ ಬೋಳಿಸಿ, ಮಣ್ಣು ಮಟ್ಟ ಮಾಡಿಸಬೇಡಿ. ಯಾವ ಓಕ್ ಉಳಿಸಬಹುದು, ಬಂಡೆ ಎಲ್ಲಿದೆ, ಮಳೆ ನೀರು ಯಾವ ಕಡೆ ಹರಿಯುತ್ತದೆ ಅಂತ ನೋಡಿ. ಬೆಲ್ಲಾ ವಿಸ್ಟಾದಲ್ಲಿ 1988ರ ಕೂಪರ್ ಚಾಪೆಲ್ ಇದೆ, ಅದೂ ಜೋನ್ಸ್ ಮತ್ತು ಅವರ ಜೊತೆಗಾರ ಮಾರಿಸ್ ಜೆನ್ನಿಂಗ್ಸ್ ಮಾಡಿದ್ದು. ಅಲ್ಲಿ ಮರದ ಜೊತೆಗೆ ಉಕ್ಕಿನ ಬಾಗಿದ ಕಮಾನುಗಳು. ಮರ, ಉಕ್ಕು ಎರಡರಲ್ಲೂ ಒಂದೇ ಮನಸ್ಸು ಹೇಗೆ ಕೆಲಸ ಮಾಡಿತು ಅಂತ ಒಂದೇ ದಿನದಲ್ಲಿ ಎರಡೂ ಕಡೆ ಹೋಗಿ ನೋಡಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ಹುಟ್ಟಿ ಬೆಳೆಯುತ್ತಿರುವ ಊರಿದು, ಇಲ್ಲಿನ ದೊಡ್ಡವರು ಯಾರು ಅಂತ ಅವರಿಗೆ ಗೊತ್ತಿರಬೇಕು.

ನಿಮ್ಮಲ್ಲಿ ಯಾರಾದರೂ ಈಗಾಗಲೇ ಜೋನ್ಸ್ ಮನೆಯಲ್ಲಿದ್ದರೆ, ಅಥವಾ ಕೊಳ್ಳುವ ಯೋಚನೆಯಲ್ಲಿದ್ದರೆ, ಎರಡು ವಿಷಯ ತಿಳಿದಿರಲಿ. ಸಂರಕ್ಷಣಾ ಕರಾರು ಅಂತ ಒಂದು ದಾರಿ ಇದೆ. ಈ ಕಲ್ಲು, ಈ ಮರ, ಈ ರೂಪ ಬದಲಾಗಬಾರದು ಅಂತ ಮಾಲೀಕರೇ ಒಪ್ಪಿ, ಸಂರಕ್ಷಣೆಯ ಕೆಲಸ ಮಾಡುವ ಸಂಸ್ಥೆಯೊಂದರ ಜೊತೆ ಬರೆದುಕೊಡುವ ಪತ್ರ. ಅದು ಆಸ್ತಿಯ ಜೊತೆಗೇ ಹೋಗುತ್ತದೆ, ಮುಂದೆ ಯಾರು ಕೊಂಡರೂ ಅವರಿಗೂ ಅನ್ವಯಿಸುತ್ತದೆ. ಬರೆದುಕೊಡುವ ಮುಂಚೆ ವಕೀಲರ ಹತ್ತಿರ ಕೂತು ಮಾತಾಡಿ. ಹಳೇ ಮನೆ ದುರಸ್ತಿಗೆ ರಾಜ್ಯದ ತೆರಿಗೆ ರಿಯಾಯಿತಿಯೂ ಇದೆ, ನಿಮ್ಮ ಮನೆ ಅದಕ್ಕೆ ಬರುತ್ತದೆಯೇ ಅಂತ ರಾಜ್ಯದ ಸಂರಕ್ಷಣಾ ಕಚೇರಿಯಲ್ಲಿ ವಿಚಾರಿಸಿ. ಎರಡನೆಯದು, ಜೋನ್ಸ್ ಅವರ ಕಾಗದಪತ್ರಗಳು, ನಕ್ಷೆಗಳು ಫಯೆಟ್‌ವಿಲ್‌ನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ನಿಮ್ಮ ಮನೆಯ ಮೂಲ ನಕ್ಷೆ ಅಲ್ಲಿದೆಯೇ ಅಂತ ಕೇಳಿ. ಇದ್ದರೆ ಯಾವ ಪಟ್ಟಿ ಎಲ್ಲಿ ಕೂರುತ್ತದೆ, ದೀಪದ ಚೌಕಟ್ಟಿನ ಅಳತೆ ಎಷ್ಟು ಅನ್ನುವುದು ಅದರಲ್ಲಿ ಸಿಗುತ್ತದೆ. ಅದನ್ನು ನೋಡಿದ ಮೇಲೆ ಕಂಟ್ರಾಕ್ಟರನ್ನು ಕರೆಸಿ.

ಇಂತಿ ನಿಮ್ಮವನೇ ಆದ,
ಬೆಂಟನ್‌ವಿಲ್‌ನ ಒಬ್ಬ ಕನ್ನಡಿಗ